ಕೊಪಣದ ನಾಲ್ವರು: ನಿಸಿಧಿ ಶಾಸನ ದಯಾಮರಣಕ್ಕೆ ಸಾಕ್ಷಿಯಾಗುತ್ತದೆಯೇ?

ದಯಾಮರಣದ ಬಗ್ಗೆ ಕೋರ್ಟು ಏನಾದರೂ ಹೇಳಿತು ಅಂದರೆ ಶಾಸನಾಸಕ್ತರ ನಡುವೆ ಎರಡು ಮಾತು ಏಳುತ್ತವೆ. "ಇದೇನು ಹೊಸದಲ್ಲರೀ, ಸಾವಿರ ವರ್ಷದ ಹಿಂದೆಯೇ ನಮ್ಮ ಕೊಪ್ಪಳದ ನಿಸಿಧಿಗಳಲ್ಲಿದೆ" ಅನ್ನೋದು ಒಂದು. "ಅದು ಧರ್ಮದ ಹೆಸರಿನ ಆತ್ಮಹತ್ಯೆ, ಅಷ್ಟೇ" ಅನ್ನೋದು ಇನ್ನೊಂದು. ಇಬ್ಬರೂ ಅದೇ ಕಲ್ಲುಗಳತ್ತ ಬೆರಳು ತೋರಿಸುತ್ತಾರೆ. ಹಾಗಾಗಿ ಕಲ್ಲಿನಲ್ಲಿ ಇರುವುದೆಷ್ಟು, ನಾವು ಸೇರಿಸಿದ್ದೆಷ್ಟು ಅಂತ ಮೊದಲು ಬೇರೆ ಮಾಡಿಕೊಳ್ಳೋಣ.

ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಯನ್ನು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಜೈನರಿಗೆ ಅದು ದೊಡ್ಡ ತೀರ್ಥ. ಇಲ್ಲಿನ ಕನ್ನಡ ಶಾಸನಗಳನ್ನು ಸಿ. ಆರ್. ಕೃಷ್ಣಮಾಚಾರ್ಲು 1935ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದ ಜೈನಧರ್ಮದ ಬಗ್ಗೆ ಪಿ. ಬಿ. ದೇಸಾಯಿ 1957ರಲ್ಲಿ ತಂದ ಗ್ರಂಥದಲ್ಲೂ ಕೊಪ್ಪಳದ ಶಾಸನಗಳಿವೆ.

ಪಾಲ್ಕಿಗುಂಡಿನಿಂದ ಶುರು ಮಾಡೋಣ. ಅಶೋಕನ ಶಾಸನ ನೋಡಲು ಹೋದವರು ಅಲ್ಲಿನ ಪಾದಗಳ ಫೋಟೋನೂ ತೆಗೀತಾರೆ. ಕೆಳಗೆ "ವರಾಂಗಚರಿತದ ಕವಿ ಜಟಾಸಿಂಹನಂದಿ ಸಲ್ಲೇಖನ ಮಾಡಿದ ಜಾಗ" ಅಂತ ಬರೀತಾರೆ. ಶಾಸನ ಹೇಳುವುದು ಇಷ್ಟೇ: ಇವು ಜಟಾಸಿಂಗನಂದಿ ಆಚಾರ್ಯರ ಪಾದಗಳು, ಮಾಡಿಸಿದವನು ಚಾವಯ್ಯ. ಅವರು ಹೇಗೆ ತೀರಿಕೊಂಡರು ಅಂತ ಒಂದಕ್ಷರವೂ ಇಲ್ಲ. ಸಲ್ಲೇಖನ ಅನ್ನುವುದು ವಿದ್ವಾಂಸರ ಊಹೆ. ಒಳ್ಳೆಯ ಊಹೆಯೇ ಇರಬಹುದು, ಆದರೆ ಊಹೆಯನ್ನು ಶಾಸನದ ಬಾಯಿಗೆ ತುರುಕಬಾರದು.

ಮುಂದಿನ ಎರಡು ಶಾಸನಗಳು ಹಾಗಲ್ಲ. ಶಕ 803ರ, ಅಂದರೆ ಕ್ರಿ.ಶ. 881ರ ಶಾಸನದಲ್ಲಿ ಕುಂದಕುಂದಾನ್ವಯದ ಸರ್ವನಂದಿ ಭಟಾರರು ಊರಿನವರಿಗೆ ಧರ್ಮೋಪದೇಶ ಮಾಡುತ್ತಾ, ಬಹುಕಾಲ ತಪಸ್ಸಿದ್ದು, ಸನ್ಯಸನದಿಂದ ಮುಡಿಪಿದರು ಎಂದಿದೆ. ಇನ್ನೊಂದರಲ್ಲಿ ಸಿಂಹನಂದಿ ತಮ್ಮಡಿಗಳು ಒಂದು ತಿಂಗಳು ಇಂಗಿನೀಮರಣದ ವ್ರತ ನಡೆಸಿದರು. ಸಿಂಹನಂದಿ ಅಣ್ಣ, ಮತಿಸಾಗರ ಅಣ್ಣ, ನರಲೋಕಮಿತ್ರ, ಬ್ರಹ್ಮಚಾರಿ ಅಣ್ಣ ಈ ನಾಲ್ವರು ವಿಧಿಪೂರ್ವಕವಾಗಿ ಜೊತೆಗಿದ್ದು ನೋಡಿಕೊಂಡರು. ಆಮೇಲೆ ಕಲ್ಯಾಣಕೀರ್ತಿ ಅದೇ ಜಾಗದಲ್ಲಿ ಜಿನಾಲಯ ಕಟ್ಟಿಸಿದರು.

ಈಗ ನಮ್ಮ ಇವತ್ತಿನ ಪದ ನೋಡಿ. "ದಯಾಮರಣ"ದಲ್ಲಿ ದಯೆ ಯಾರದು? ಕೊಡುವವರದು. ಸಾಯುವವರು ಅದನ್ನು ಪಡೆಯುವವರು ಮಾತ್ರ. ನಿಸಿಧಿಗಳಲ್ಲಿ ಬರುವ "ಮುಡಿಪು" ಕ್ರಿಯಾಪದದ ಕರ್ತೃ ಸಾಯುವವರೇ. ವ್ರತ ಅವರದು, ಕೊನೆಯೂ ಅವರದು. ವ್ಯಾಕರಣದಲ್ಲೇ ಎರಡೂ ಬೇರೆ.

ಹಾಗಾದರೆ ಆತ್ಮಹತ್ಯೆಯೇ? 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಹಾಗೇ ಅಂದಿತ್ತು. ಅದೇ ತಿಂಗಳ 31ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಶಾಸ್ತ್ರದ ಮಾತು ಬೇರೆ ಇದೆ. ಸಮಂತಭದ್ರರ ರತ್ನಕರಂಡಕ ಸಲ್ಲೇಖನಕ್ಕೆ ಒಪ್ಪುವುದು ಉಪಸರ್ಗ, ಬರ, ಮುಪ್ಪು, ರೋಗ ಇವು ಪರಿಹಾರವಿಲ್ಲದ ಹಂತ ಮುಟ್ಟಿದಾಗ ಮಾತ್ರ. ವ್ರತ ಹಿಡಿದ ಮೇಲೆ ಬದುಕಬೇಕು ಅನ್ನೋ ಆಸೆ ಹೇಗೆ ದೋಷವೋ, ಬೇಗ ಸಾಯಬೇಕು ಅನ್ನೋ ಆಸೆಯೂ ಹಾಗೇ ದೋಷ. ಸಮಂತಭದ್ರರಿಗೇ ಭಸ್ಮಕ ರೋಗ ಬಂದು ಸಲ್ಲೇಖನ ಕೇಳಿದಾಗ, "ನಿನ್ನಿಂದ ಆಗಬೇಕಾದ ಕೆಲಸ ಇನ್ನೂ ಇದೆ" ಅಂತ ಗುರು ಒಪ್ಪಲಿಲ್ಲ ಅನ್ನುವ ಕಥೆ ಪರಂಪರೆಯಲ್ಲಿದೆ. ಕೇಳಿದ ತಕ್ಷಣ ಸಿಗುವಂಥದ್ದಲ್ಲ ಅದು.

ಮತ್ತೆ ಆ ನಾಲ್ವರಿಗೆ ಬರೋಣ. ಶಿವಾರ್ಯರ ಭಗವತೀ ಆರಾಧನಾ ಮೂರು ಬಗೆ ಹೇಳುತ್ತದೆ. ಭಕ್ತಪ್ರತ್ಯಾಖ್ಯಾನದಲ್ಲಿ ಬೇರೆಯವರ ಸೇವೆ ತಗೋಬಹುದು. ಇಂಗಿನಿಯಲ್ಲಿ ತನ್ನ ಸೇವೆ ತಾನೇ. ಪ್ರಾಯೋಪಗಮನದಲ್ಲಿ ಅದೂ ಇಲ್ಲ. ಲೆಕ್ಕದ ಪ್ರಕಾರ ಸಿಂಹನಂದಿಯವರ ಹತ್ತಿರ ಯಾರೂ ಇರಬಾರದಿತ್ತು. ಆದರೆ ಶಾಸನ ನಾಲ್ಕು ಹೆಸರು ಕೊಡುತ್ತದೆ. ಇದನ್ನು ಬರೆಸಿದವರ ತಪ್ಪು ಅಂತ ನಾನು ಓದುವುದಿಲ್ಲ. "ಇಂಗಿನಿ" ಅನ್ನುವುದು ಇಲ್ಲಿ ಗೌರವದ ಪದ. ನಡೆದದ್ದು ಜೊತೆಗಿದ್ದವರ ಆರೈಕೆಯಲ್ಲಿ ನಡೆದ ಸಾವು. ಅದೇ ಆರಾಧನಾ ಗ್ರಂಥ ನಿರ್ಯಾಪಕರು 48 ಮಂದಿ ಇರಲಿ, ಅಷ್ಟು ಸಿಗದಿದ್ದರೆ ಕಡಿಮೆ ಅಂದರೂ ಇಬ್ಬರಿರಲಿ ಅನ್ನುತ್ತದೆ. ಒಬ್ಬನೇ ಇದ್ದರೆ ಅವನು ಭಿಕ್ಷೆಗೆ ಹೋದಾಗ ಸಾಯುವವರು ಒಂಟಿ. ಹೋಗದಿದ್ದರೆ ಅವನೇ ಉಪವಾಸ. ಎಷ್ಟು ಪ್ರಾಕ್ಟಿಕಲ್ ಲೆಕ್ಕ ನೋಡ್ರಿ!

ಶಾಸನಗಳ ಮಿತಿಯನ್ನೂ ಹೇಳಲೇಬೇಕು. ಎಂಜಿನಿಯರ್ ಭಾಷೆಯಲ್ಲಿ ಹೇಳೋದಾದರೆ, ಪಾಸಾದ ಟೆಸ್ಟಿನ ರಿಪೋರ್ಟು ಮಾತ್ರ ಫೈಲಿನಲ್ಲಿದೆ. ವ್ರತ ಅರ್ಧಕ್ಕೆ ಬಿಟ್ಟವರಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಬರೆಸಿದವರು ಶಿಷ್ಯರು, ಭಕ್ತರು. ಇಪ್ಪತ್ತನೇ ದಿನ ಮನಸ್ಸು ಬದಲಾಯಿಸಲು ಅವಕಾಶವಿತ್ತೇ ಅನ್ನುವ ಪ್ರಶ್ನೆಗೆ ನಿಸಿಧಿ ಉತ್ತರಿಸುವುದಿಲ್ಲ. ಆದ್ದರಿಂದ ಇವುಗಳನ್ನು ಕಾನೂನಿಗೆ ಪೂರ್ವನಿದರ್ಶನ ಮಾಡುವುದು ಸರಿಯಲ್ಲ.

ಆದರೂ ಅವು ಒಂದು ಪ್ರಶ್ನೆ ಕೇಳಿಸುತ್ತವೆ: ಇಚ್ಛೆ ಯಾರದು, ಜೊತೆಗಿದ್ದವರು ಯಾರು? ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರ ಹಲ್ಲೆಯ ನಂತರ 2015ರ ಮೇ 18ರವರೆಗೆ ಅಲ್ಲೇ ಹಾಸಿಗೆಯಲ್ಲಿದ್ದರು. ಆಹಾರ ನಿಲ್ಲಿಸಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಕೇಳಿದಾಗ, 2011ರ ತೀರ್ಪು ಅದನ್ನು ಒಪ್ಪಲಿಲ್ಲ. ಅವರ ಪರ ಮಾತಾಡುವ ಹಕ್ಕು ಅಷ್ಟು ವರ್ಷ ಆರೈಕೆ ಮಾಡಿದ ಸಿಬ್ಬಂದಿಯದು ಎಂದಿತು ಕೋರ್ಟು. ಅಲ್ಲಿ ಜೊತೆಗಿದ್ದವರಿದ್ದರು, ಅರುಣಾ ಅವರ ಇಚ್ಛೆ ತಿಳಿಯುವ ದಾರಿ ಇರಲಿಲ್ಲ.

2018ರ ಕಾಮನ್ ಕಾಸ್ ತೀರ್ಪು ಆ ಇಚ್ಛೆಯನ್ನು ಮುಂಚೆಯೇ ಬರೆದಿಡಲು ದಾರಿ ಮಾಡಿತು. 2023ರ ತಿದ್ದುಪಡಿ ಪ್ರಕಾರ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಮೇಲೆ ಎರಡು ವೈದ್ಯಕೀಯ ಮಂಡಳಿ. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದಕ್ಕೆ ಸುತ್ತೋಲೆ ಹೊರಡಿಸಿತು. ಒಳ್ಳೆಯದೇ. ಆದರೆ ಈ ಇಬ್ಬರು ಸಹಿಗೆ ಬೇಕಾದವರು. ಆರಾಧನಾ ಕೇಳಿದ ಇಬ್ಬರು ರಾತ್ರಿ ಎಚ್ಚರ ಇರಬೇಕಾದವರು.

ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಮನೆಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ಹುಬ್ಬಳ್ಳಿಗೋ ಬಳ್ಳಾರಿಗೋ ಒಯ್ದ ಹಿರಿಯರನ್ನು, ಐಸಿಯು ಬಿಲ್ ಕಟ್ಟಲಾಗದೆ, "ಮನೀಗೆ ಕರ್ಕೊಂಡು ಹೋಗ್ತೀವ್ರೀ" ಅಂತ ಸಹಿ ಮಾಡಿ ತರ್ತಾರೆ. ಅಲ್ಲಿ ಸಾಯುವವರ ಇಚ್ಛೆ ಕೇಳಿದವರಿಲ್ಲ. ನೋವಿಗೆ ಔಷಧಿ ಕೊಡುವವರೂ ಇಲ್ಲ. ನಿರ್ಧಾರ ಬಿಲ್ಲಿನದು. ಇದಕ್ಕೆ ದಯಾಮರಣ ಅನ್ನೋಕೆ ನನಗೆ ಬಾಯಿ ಬರೋದಿಲ್ಲ. ಮಂಡಳಿಗಳ ಜೊತೆಗೆ ಮನೆಬಾಗಿಲಿಗೆ ಬರುವ ಉಪಶಾಮಕ ಆರೈಕೆ ಇಲ್ಲದಿದ್ದರೆ, "ಘನತೆಯ ಸಾವು" ಊರಿನ ಆಸ್ಪತ್ರೆಯ ಕಾಗದದಲ್ಲೇ ಉಳಿಯುತ್ತದೆ.

ನಿಸಿಧಿಯ ಫೋಟೋ ಹಾಕುವ ಗೆಳೆಯರಲ್ಲಿ ಒಂದು ವಿನಂತಿ. ಸಿಂಹನಂದಿ ತಮ್ಮಡಿಗಳ ಹೆಸರಿನ ಜೊತೆ ಆ ನಾಲ್ವರ ಹೆಸರನ್ನೂ ಬರೆಯಿರಿ. ಕಲ್ಲಿನಲ್ಲಿ ಜಾಗ ಕಡಿಮೆ, ಕೆತ್ತುವುದು ಕಷ್ಟ. ಅಷ್ಟಿದ್ದೂ ಅವರನ್ನು ಬಿಡಬಾರದು ಅಂತ ಬರೆಸಿದವರಿಗೆ ಅನ್ನಿಸಿತ್ತು.