ನುಡಿಸದ ಗಳಿಗೆ: ಜಾಝ್ ವಾದಕರ ಛಾಯಾಚಿತ್ರಗಳು

ಸಂಗೀತವು ಕಾಲದಲ್ಲಿ ಹರಿಯುವ ಕಲೆ. ಛಾಯಾಚಿತ್ರವು ಕಾಲವನ್ನು ಕಡಿದು ನಿಲ್ಲಿಸುವ ಕಲೆ. ಕಿವಿಗೆ ಮೀಸಲಾದುದನ್ನು ಕಣ್ಣಿಗೆ ಒಪ್ಪಿಸುವ ಹಂಬಲವೇನೂ ಹೊಸದಲ್ಲ. ರಾಗಮಾಲಾ ಚಿತ್ರಕಾರರು ತೋಡಿಯನ್ನು ವೀಣೆ ಹಿಡಿದು ಜಿಂಕೆಗಳ ನಡುವೆ ನಿಂತ ತರುಣಿಯಾಗಿ ಕಂಡರು. ಅವರು ಬರೆದದ್ದು ರಾಗದ ರೂಪವನ್ನು. ಹಾಡುವವನ ಮುಖ ಅವರಿಗೆ ಬೇಕಾಗಿರಲಿಲ್ಲ. ಛಾಯಾಗ್ರಾಹಕನಿಗೆ ಈ ಸ್ವಾತಂತ್ರ್ಯವಿಲ್ಲ. ಅವನ ಯಂತ್ರದ ಮುಂದಿರುವುದು ರಾಗವಲ್ಲ. ಬೆವರುವ, ದಣಿಯುವ, ಕೂಲಿಗಾಗಿ ಕಾಯುವ ಒಬ್ಬ ಮನುಷ್ಯ. ಆ ಮನುಷ್ಯನ ಮುಖಾಂತರವೇ ಅವನು ನಾದವನ್ನು ಸೂಚಿಸಬೇಕು. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವಾದಕನ ದೇಹ ಇಲ್ಲಿ ವಾಚ್ಯ, ಸಂಗೀತ ವ್ಯಂಗ್ಯ.

ಜಾಝ್ ಸಂಗೀತದ ವಿಷಯದಲ್ಲಿ ಈ ಇಕ್ಕಟ್ಟು ಇನ್ನೂ ತೀವ್ರವಾದುದು. ಅದರ ಜೀವಾಳ ಆಶುವಾದನ. ಗೊತ್ತಾದ ಒಂದು ಸ್ವರಪಂಕ್ತಿಯನ್ನು ನೆಪವಾಗಿಟ್ಟುಕೊಂಡು ವಾದಕನು ಆ ಗಳಿಗೆಯಲ್ಲಿ ಕಂಡುಕೊಂಡದ್ದೇ ಅಲ್ಲಿ ಕೃತಿಯೆನಿಸುತ್ತದೆ. ಮನೋಧರ್ಮ ಸಂಗೀತವನ್ನು ಬಲ್ಲ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮುಂಬಯಿಯಲ್ಲಿ ನೆಲೆಸಿದವರಿಗಂತೂ ಜಾಝ್ ತೀರ ಪರಕೀಯವಾದ ಹೆಸರಲ್ಲ. 1930ರ ದಶಕದಲ್ಲಿಯೇ ತಾಜಮಹಲ್ ಹೋಟೆಲಿನಲ್ಲಿ ಟೆಡ್ಡಿ ವೆದರ್‌ಫರ್ಡ್‌ನಂಥ ಅಮೆರಿಕದ ಕಪ್ಪು ವಾದಕರು ನುಡಿಸಿದ್ದರು. ಆ ವಾತಾವರಣದಲ್ಲಿ ಪಳಗಿದ ಗೋವೆಯ ವಾದಕರು ಮುಂದೆ ಹಿಂದಿ ಚಲನಚಿತ್ರಗಳ ವಾದ್ಯವೃಂದಗಳಿಗೆ ಆಧಾರವಾದರು. ಆದರೆ 1940ರಿಂದ 1965ರವರೆಗೆ ನ್ಯೂಯಾರ್ಕಿನಲ್ಲಿ ಈ ಸಂಗೀತ ಪಡೆದ ಮಹತ್ತರ ತಿರುವು ದೂರದವರಿಗೆ ತಲುಪಿದ್ದು ಧ್ವನಿಮುದ್ರಿಕೆಗಳ ಮೂಲಕ. ಆ ನಾದಕ್ಕೆ ಮುಖ ಒದಗಿದ್ದು ಛಾಯಾಚಿತ್ರಗಳಿಂದ. ಆದುದರಿಂದ ಈ ಚಿತ್ರಗಳು ಏನನ್ನು ತೋರಿಸಿದವು, ಏನನ್ನು ಮರೆಮಾಡಿದವು ಎಂದು ಕೇಳುವುದು ಕೇವಲ ಕಲಾವಿಲಾಸದ ಪ್ರಶ್ನೆಯಲ್ಲ.

ಈ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಇವುಗಳಲ್ಲಿ ಉತ್ತಮವಾದ ಹಲವು ಚಿತ್ರಗಳಲ್ಲಿ ವಾದಕನು ನುಡಿಸುತ್ತಲೇ ಇಲ್ಲ. ಅವನು ಆಲಿಸುತ್ತಾನೆ, ಯೋಚಿಸುತ್ತಾನೆ, ತನ್ನ ಸರದಿಗಾಗಿ ಕಾಯುತ್ತಾನೆ. ಉಬ್ಬಿದ ಕೆನ್ನೆ, ಮುಚ್ಚಿದ ಕಣ್ಣು, ಮೇಲೆತ್ತಿದ ತುತ್ತೂರಿ ಇವೆಲ್ಲ ಸಂಗೀತದ ಹೊರಚಹರೆಗಳು. ಸಂಗೀತ ಹುಟ್ಟುವ ಎಡೆ ಆಲಿಸುವ ಮನಸ್ಸು. ಅದು ಮುಖದ ಮೇಲೆ ಕಾಣಿಸಿಕೊಳ್ಳುವುದು ವಾದ್ಯ ಸುಮ್ಮನಾದಾಗ. ಈ ಮಾತನ್ನು ಒರೆಗಲ್ಲಾಗಿ ಹಿಡಿದು ಆ ಕಾಲದ ಮುಖ್ಯ ಛಾಯಾಗ್ರಾಹಕರನ್ನು ಪರಿಶೀಲಿಸಬಹುದು.

ವಿಲಿಯಂ ಗಾಟ್ಲೀಬ್ ಮೂಲತಃ ಬರಹಗಾರ. ವಾಷಿಂಗ್‌ಟನ್ನಿನ ಪತ್ರಿಕೆಯೊಂದಕ್ಕೆ ಜಾಝ್ ಅಂಕಣ ಬರೆಯುತ್ತಿದ್ದಾಗ, ಚಿತ್ರಗಳಿಗೆ ಪ್ರತ್ಯೇಕ ಹಣ ದೊರೆಯದೆ, ತಾನೇ ಸ್ಪೀಡ್ ಗ್ರಾಫಿಕ್ ಎಂಬ ಭಾರವಾದ ಕ್ಯಾಮೆರಾವನ್ನು ಕೊಂಡು ಕಲಿತವನು. ಮುಂದೆ 1946ರಿಂದ 1948ರವರೆಗೆ 'ಡೌನ್ ಬೀಟ್' ಪತ್ರಿಕೆಯಲ್ಲಿ ದುಡಿದನು. ಆ ಕ್ಯಾಮೆರಾದ ಹಾಳೆ ಫಿಲ್ಮು ದುಬಾರಿ. ಮಿಂಚುಬಲ್ಬು ಒಮ್ಮೆ ಉರಿದರೆ ಮುಗಿಯಿತು. ಒಂದು ರಾತ್ರಿಗೆ ಕೆಲವೇ ಚಿತ್ರಗಳ ಅವಕಾಶ. ಈ ಬಡತನವೇ ಅವನಿಗೆ ಶಿಸ್ತಾಯಿತು. ವಾದಕರನ್ನು ಬಲ್ಲವನಾದುದರಿಂದ ಯಾವ ಗಳಿಗೆಗೆ ಕಾಯಬೇಕೆಂಬುದು ಅವನಿಗೆ ತಿಳಿದಿತ್ತು. 1947ರ ಆರಂಭದಲ್ಲಿ ನ್ಯೂಯಾರ್ಕಿನ ಡೌನ್‌ಬೀಟ್ ಕ್ಲಬ್ಬಿನಲ್ಲಿ ಅವನು ತೆಗೆದ ಬಿಲ್ಲಿ ಹಾಲಿಡೇಯ ಚಿತ್ರ ಜಗತ್ಪ್ರಸಿದ್ಧವಾದುದು. ತಲೆ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ, ಕೊರಳಿನ ನರಗಳಲ್ಲಿ ಸ್ವರದ ಬಿಗಿತವಿದೆ. ಹಾಡುತ್ತಿರುವವಳ ಚಿತ್ರವಾದುದರಿಂದ ಮೇಲಿನ ಒರೆಗಲ್ಲಿಗೆ ಇದು ಅಪವಾದವೆಂದು ತೋರಬಹುದು. ಅಪವಾದವೇ ಅಹುದು, ಆದರೆ ಗಾಯಕಿಗೆ ದೇಹವೇ ವಾದ್ಯ ಎಂಬುದನ್ನು ಮರೆಯಬಾರದು. ಈ ಚಿತ್ರದ ಕಡೆಗೆ ಮತ್ತೆ ಬರಬೇಕಾಗುತ್ತದೆ.

ಹರ್ಮನ್ ಲೆನರ್ಡ್ ಬೇರೆ ಮನೆತನದವನು. ಕೆನಡಾದ ಭಾವಚಿತ್ರಕಾರ ಯೂಸುಫ್ ಕಾರ್ಷ್‌ನ ಬಳಿ ಬೆಳಕಿನ ಪಾಠ ಕಲಿತು, 1948ರಲ್ಲಿ ನ್ಯೂಯಾರ್ಕಿಗೆ ಬಂದು, ಕ್ಲಬ್ಬುಗಳ ಒಡೆಯರಿಗೆ ಚಿತ್ರಗಳನ್ನು ಕೊಟ್ಟು ಅದಕ್ಕೆ ಬದಲಾಗಿ ಒಳಗೆ ಪ್ರವೇಶ ಪಡೆದನು. ಮಿಂಚುದೀಪವನ್ನು ವಾದಕನ ಮುಖಕ್ಕೆ ನೇರವಾಗಿ ಹೊಡೆಯದೆ ಅವನ ಬೆನ್ನ ಕಡೆಯಿಂದ ಬೆಳಕು ಬರುವಂತೆ ಇರಿಸಿದ್ದು ಅವನ ವಿಶೇಷ. ಹೀಗೆ ಮಾಡಿದಾಗ ಎದುರುಬೆಳಕಿನಲ್ಲಿ ಕರಗಿಹೋಗುತ್ತಿದ್ದ ಹೊಗೆ ಬಿಳಿಯ ಮೋಡವಾಗಿ ಮೂಡಿತು. ಮುಖದ ಅಂಚು ಕತ್ತಲೆಯಿಂದ ಕೆತ್ತಿದಂತಾಯಿತು. ಅದೇ ವರ್ಷ ರಾಯಲ್ ರೂಸ್ಟ್ ಕ್ಲಬ್ಬಿನಲ್ಲಿ ತೆಗೆದ ಡೆಕ್ಸ್ಟರ್ ಗಾರ್ಡನ್‌ನ ಚಿತ್ರ ಇದಕ್ಕೆ ಶಿಖರಪ್ರಾಯವಾದ ಉದಾಹರಣೆ. ಸ್ಯಾಕ್ಸೊಫೋನ್ ತೊಡೆಯ ಮೇಲಿದೆ, ಕೈಯಲ್ಲಿ ಸಿಗರೇಟು, ತಲೆಯ ಸುತ್ತ ಹೊಗೆ ಏರುತ್ತಿದೆ. ಅವನು ನುಡಿಸುತ್ತಿಲ್ಲ. ಆಗತಾನೆ ಮುಗಿದ ನಾದವೇ ಹೊಗೆಯಾಗಿ ನಿಂತಿತೋ ಎಂಬ ಭ್ರಮೆ ನೋಡುವವನಿಗೆ ಉಂಟಾಗುತ್ತದೆ. ಕಣ್ಣಿಗೆ ಕಾಣದ ನಾದಕ್ಕೆ ಇಷ್ಟು ಸಮರ್ಪಕವಾದ ಪ್ರತಿಮೆ ಇನ್ನೊಂದು ದೊರೆಯುವುದು ಕಷ್ಟ.

ಆದರೆ ಪ್ರತಿಮೆ ಗೆದ್ದಲ್ಲಿಯೇ ಅದರ ಅಪಾಯವೂ ಇರುತ್ತದೆ. ಗಾರ್ಡನ್‌ನ ಹೊಗೆ ಅನುಭವದಿಂದ ಬಂದುದು. ಅದನ್ನು ಅನುಸರಿಸಿದವರ ಹೊಗೆ ಸಿದ್ಧಸಾಮಗ್ರಿ. ಕವಿಸಮಯದಂತೆ ಅದು ಕೈಗೆ ಕೈ ದಾಟಿತು. ಹೊಗೆ, ಹ್ಯಾಟು, ಇಳಿಬೆಳಕು ಇಷ್ಟಿದ್ದರೆ ಜಾಝ್ ಆಯಿತೆಂಬ ನಂಬಿಕೆ ಬೆಳೆಯಿತು. ಈ ಸೊಗಸಿನ ಹಿಂದೆ ಇದ್ದ ಬದುಕು ಸೊಗಸಾಗಿರಲಿಲ್ಲ. ಮದ್ಯ ಮಾರುವ ಕ್ಲಬ್ಬುಗಳಲ್ಲಿ ಹಾಡಲು ನುಡಿಸಲು ನ್ಯೂಯಾರ್ಕಿನಲ್ಲಿ ಪೋಲೀಸರು ಕೊಡುವ ಪರವಾನೆ ಚೀಟಿ ಬೇಕಾಗಿತ್ತು. ಈ ನಿಯಮ 1967ರವರೆಗೂ ಇತ್ತು. ತೆಲೋನಿಯಸ್ ಮಂಕ್ 1951ರಲ್ಲಿ ಚೀಟಿ ಕಳೆದುಕೊಂಡು, ತನ್ನ ಪ್ರತಿಭೆಯ ಉಚ್ಛ್ರಾಯದ ವರ್ಷಗಳಲ್ಲಿ, 1957ರವರೆಗೆ ಆ ನಗರದ ಕ್ಲಬ್ಬುಗಳಿಂದ ಹೊರಗುಳಿಯಬೇಕಾಯಿತು. ಹೊಗೆಯ ಚಿತ್ರದಲ್ಲಿ ಈ ಚೀಟಿ ಕಾಣುವುದಿಲ್ಲ. ಚೀಟಿಯಿಲ್ಲದವನಂತೂ ಆ ಚಿತ್ರದ ಚೌಕಟ್ಟಿನೊಳಕ್ಕೆ ಬರುವಂತೆಯೇ ಇರಲಿಲ್ಲ.

ಕ್ಲಬ್ಬಿನ ಮಾಯೆಯಿಂದ ಹೊರಬಂದು ವಾದಕನನ್ನು ಅವನ ದುಡಿಮೆಯ ಎಡೆಯಲ್ಲಿ ಕಂಡವನು ಫ್ರಾನ್ಸಿಸ್ ವುಲ್ಫ್. ಬರ್ಲಿನ್ನಿನ ಯಹೂದಿಯಾದ ಈತ 1939ರಲ್ಲಿ ನಾಜಿಗಳ ಹಿಡಿತದಿಂದ ಪಾರಾಗಿ ನ್ಯೂಯಾರ್ಕಿಗೆ ಬಂದು, ಬಾಲ್ಯದ ಗೆಳೆಯ ಆಲ್‌ಫ್ರೆಡ್ ಲಯನ್‌ನ ಜೊತೆಗೂಡಿ ಬ್ಲೂ ನೋಟ್ ಸಂಸ್ಥೆಯನ್ನು ನಡೆಸಿದನು. ಧ್ವನಿಮುದ್ರಣಕ್ಕೆ ಮುಂಚಿನ ಅಭ್ಯಾಸಕ್ಕೂ ವಾದಕರಿಗೆ ಸಂಬಳ ಕೊಟ್ಟದ್ದು ಈ ಸಂಸ್ಥೆಯ ಹಿರಿಮೆ. ರೂಡಿ ವ್ಯಾನ್ ಗೆಲ್ಡರ್ ಎಂಬ ತಂತ್ರಜ್ಞನ ತಂದೆತಾಯಿಯರ ಮನೆಯ ನಡುಕೋಣೆಯೇ 1959ರವರೆಗೆ ಅವರ ಮುದ್ರಣಮಂದಿರ. ಅಲ್ಲಿ ಪ್ರೇಕ್ಷಕರಿಲ್ಲ, ಆದುದರಿಂದ ಅಭಿನಯವೂ ಇಲ್ಲ. 1957ರ 'ಬ್ಲೂ ಟ್ರೇನ್' ಮುದ್ರಿಕೆಯ ಹೊದಿಕೆಯ ಮೇಲಿರುವ ಜಾನ್ ಕೋಲ್ಟ್ರೇನ್‌ನ ಚಿತ್ರ ವುಲ್ಫ್‌ನದು. ವಾದ್ಯ ಸುಮ್ಮನಿದೆ, ದೃಷ್ಟಿ ಕೆಳಗಿಳಿದಿದೆ, ಕೈ ತುಟಿಯ ಬಳಿಗೆ ಬಂದಿದೆ. ಬಿಡಿಸಲಾಗದ ಲೆಕ್ಕವೊಂದರ ಮುಂದೆ ಕುಳಿತವನ ಮುಖ ಅದು. ವಿನ್ಯಾಸಕಾರ ರೀಡ್ ಮೈಲ್ಸ್ ಇಂಥ ಚಿತ್ರಗಳನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸಿ, ಬಣ್ಣ ಲೇಪಿಸಿ, ಅಕ್ಷರಗಳ ನಡುವೆ ಕೂರಿಸಿದನು. ಹೊದಿಕೆ ಅದರಿಂದ ಗೆದ್ದಿತು. ಚಿತ್ರ ಕೆಲವೊಮ್ಮೆ ಸೋತಿತು. ಆದರೂ ಸಂಗೀತವೆಂದರೆ ಚಿಂತನೆ ಎಂಬ ಮಾತನ್ನು ಜನಸಾಮಾನ್ಯರ ಮನೆಗೆ ಮುಟ್ಟಿಸಿದ ಕೀರ್ತಿ ಈ ಹೊದಿಕೆಗಳಿಗೆ ಸಲ್ಲಬೇಕು.

1958ರ ಆಗಸ್ಟ್ 12ರ ಬೆಳಿಗ್ಗೆ ಹಾರ್ಲೆಮ್ಮಿನ 126ನೆಯ ಬೀದಿಯಲ್ಲಿ ಆರ್ಟ್ ಕೇನ್ 57 ಮಂದಿ ಸಂಗೀತಗಾರರನ್ನು ಒಂದು ಮನೆಯ ಮೆಟ್ಟಿಲುಗಳ ಮುಂದೆ ನಿಲ್ಲಿಸಿ ತೆಗೆದ ಚಿತ್ರವೂ ಇದೇ ದಾರಿಯದು. ರಾತ್ರಿಯ ಕಲಾವಿದರು ಇಲ್ಲಿ ಹಗಲಿನಲ್ಲಿದ್ದಾರೆ. ಕೌಂಟ್ ಬೇಸಿ ಓಣಿಯ ಮಕ್ಕಳ ಸಾಲಿನಲ್ಲಿ ಕುಳಿತಿದ್ದಾನೆ. ಡಿಝಿ ಗಿಲೆಸ್ಪಿ ನಾಲಗೆ ಚಾಚಿ ರಾಯ್ ಎಲ್ಡ್ರಿಜ್‌ನನ್ನು ಕೆಣಕುತ್ತಿದ್ದಾನೆ. ಒಂದು ಸ್ವರವೂ ಕೇಳದ ಈ ಚಿತ್ರದಲ್ಲಿ ಒಂದು ಸಂಪ್ರದಾಯದ ಬಂಧುಬಳಗವೇ ಕಾಣುತ್ತದೆ.

ಇಷ್ಟಾದ ಮೇಲೆ ನುಡಿಸುವ ಗಳಿಗೆಯನ್ನೇ ಗೆದ್ದವರು ಯಾರೂ ಇಲ್ಲವೇ ಎಂದು ಕೇಳಬಹುದು. ಇದ್ದಾನೆ: ರಾಯ್ ಡಿಕರಾವಾ. ಹಾರ್ಲೆಮ್ಮಿನಲ್ಲಿ ಹುಟ್ಟಿ, ಚಿತ್ರಕಲೆಯನ್ನು ಕಲಿತು, 1952ರಲ್ಲಿ ಗುಗೆನ್‌ಹೈಮ್ ಗೌರವವನ್ನು ಪಡೆದ ಮೊದಲ ಕಪ್ಪು ಛಾಯಾಗ್ರಾಹಕನಿವನು. ಇದ್ದ ಬೆಳಕಿನಲ್ಲೇ ಇವನ ಕೆಲಸ, ಮಿಂಚುದೀಪವನ್ನು ಒಲ್ಲೆನೆಂದನು. ಬೆಳಕು ಸಾಲದೆ ಕೈ ಅಲುಗಿ ರೂಪ ಮಸುಕಾದರೂ ಆ ಮಸುಕನ್ನು ಉಳಿಸಿಕೊಂಡನು. ಮುದ್ರಿಸುವಾಗ ಬಿಳುಪನ್ನು ಅಡಗಿಸಿ, ಬೂದಿಯಿಂದ ಕಾಡಿಗೆಯವರೆಗಿನ ನೂರು ಛಾಯೆಗಳನ್ನು ಹೊರತಂದನು. ನುಡಿಸುತ್ತಿರುವ ಕೋಲ್ಟ್ರೇನ್‌ನನ್ನು ಇವನು ತೆಗೆದ ಚಿತ್ರಗಳಲ್ಲಿ ಮುಖ ಕತ್ತಲೆಯೊಳಕ್ಕೆ ಅರ್ಧ ಮುಳುಗಿರುತ್ತದೆ. ನೋಡುವವನು ಅದರ ಮುಂದೆ ನಿಂತು ಕಣ್ಣನ್ನು ಪಳಗಿಸಿಕೊಳ್ಳಬೇಕು, ಹೊಸ ರಾಗಕ್ಕೆ ಕಿವಿಯನ್ನು ಪಳಗಿಸಿಕೊಳ್ಳುವಂತೆ. ಲೆನರ್ಡ್‌ನಲ್ಲಿ ಕತ್ತಲೆ ಎಂಬುದು ಬೆಳಕಿಗೆ ಹಿನ್ನೆಲೆ. ಡಿಕರಾವಾನಲ್ಲಿ ಕತ್ತಲೆಯೇ ವಸ್ತು. ಕಪ್ಪು ಚರ್ಮವನ್ನು ಬಲವಂತದ ಬೆಳಕಿಗೆ ಎಳೆಯದೆ ಅದರದೇ ಆಳದಲ್ಲಿ ಕಂಡ ಈ ಗೌರವ ಕೇವಲ ತಂತ್ರದ ಮಾತಲ್ಲ. 1960ರ ದಶಕದ ಆರಂಭದಲ್ಲಿ ಅವನು ಜೋಡಿಸಿದ 'ದ ಸೌಂಡ್ ಐ ಸಾ' ಎಂಬ ಚಿತ್ರಸಂಪುಟ 2001ರವರೆಗೆ ಅಚ್ಚಾಗಲಿಲ್ಲ ಎಂಬುದು ಲೋಕದ ಕಣ್ಣು ಪಳಗಲು ಎಷ್ಟು ಕಾಲ ಬೇಕಾಯಿತೆಂಬುದನ್ನು ಹೇಳುತ್ತದೆ.

ಕೊನೆಯದಾಗಿ ಮಿಲ್ಟ್ ಹಿಂಟನ್. ಇವನು ಛಾಯಾಗ್ರಾಹಕನಾಗಿ ಬಂದವನಲ್ಲ. ಕ್ಯಾಬ್ ಕ್ಯಾಲೊವೇಯ ತಂಡದಲ್ಲಿ 1936ರಿಂದ ಬಾಸ್ ನುಡಿಸಿದ ವಾದಕ. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ಕ್ಯಾಮೆರಾದಿಂದ ಆರಂಭಿಸಿ, 2000ದಲ್ಲಿ ತೀರಿಕೊಳ್ಳುವ ವೇಳೆಗೆ ಸಹಸ್ರಾರು ಚಿತ್ರಗಳನ್ನು ಉಳಿಸಿದನು. ರೈಲಿನಲ್ಲಿ ನಿದ್ರಿಸುವ ಗೆಳೆಯರು, ಊಟದ ವೇಳೆ, ಮುದ್ರಣದ ನಡುವಣ ಬಿಡುವು ಇವು ಅವನ ವಸ್ತುಗಳು. ಸುಮಾರು 1940ರ ಒಂದು ಚಿತ್ರದಲ್ಲಿ ಅಟ್ಲಾಂಟಾ ರೈಲುನಿಲ್ದಾಣದ ಕಪ್ಪು ಜನರ ಪ್ರವೇಶದ್ವಾರದ ಫಲಕದ ಕೆಳಗೆ, ಒಳ್ಳೆಯ ಉಡುಪು ತೊಟ್ಟ ವಾದಕರು ನಿಂತಿದ್ದಾರೆ. ಕಲೆಯ ದೃಷ್ಟಿಯಿಂದ ಹಿಂಟನ್‌ನ ಎಷ್ಟೋ ಚಿತ್ರಗಳು ಸಾಧಾರಣ; ಲೆನರ್ಡ್‌ನ ಬೆಳಕಾಗಲಿ ಡಿಕರಾವಾನ ಆಳವಾಗಲಿ ಅವಕ್ಕಿಲ್ಲ. ಆದರೆ ಅವನ ಮುಂದೆ ಯಾರೂ ಮುಖವನ್ನು ಸಜ್ಜುಗೊಳಿಸಿಕೊಳ್ಳಲಿಲ್ಲ. ಆ ದ್ವಾರದಿಂದಲೇ ಅವನೂ ಒಳಹೋಗಬೇಕಾಗಿತ್ತು.

ಜಾಝ್‌ನ ಸುವರ್ಣಯುಗದ ಚಿತ್ರಗಳೆಂದು ಕೊಂಡಾಡುವ ಇವೆಲ್ಲ ಆ ಯುಗದಲ್ಲಿ ಕಲೆಯೆಂದು ಮನ್ನಣೆ ಪಡೆದದ್ದು ಅಲ್ಪ. ಗಾಟ್ಲೀಬ್‌ನ ಪುಸ್ತಕ 1979ರದು. ಲೆನರ್ಡ್‌ನ ಚಿತ್ರಗಳ ಮೊದಲ ದೊಡ್ಡ ಪ್ರದರ್ಶನ ಲಂಡನ್ನಿನಲ್ಲಿ ನಡೆದದ್ದು 1988ರಲ್ಲಿ. ವಾದಕರಲ್ಲಿ ಹಲವರು ಕಣ್ಮರೆಯಾದ ಮೇಲೆ ಆ ಹೊಗೆಗೆ ಬೆಲೆ ಬಂದಿತು. ಆದುದರಿಂದಲೇ ಈ ಚಿತ್ರಗಳನ್ನು ಒಂಟಿಯಾಗಿ ನೋಡದೆ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಬೇಕಾದುದು ವಿಮರ್ಶೆಯ ಕರ್ತವ್ಯ.

ಗಾಟ್ಲೀಬ್ ಕಂಡ ಹಾಲಿಡೇಯ ಪಕ್ಕದಲ್ಲಿ ಹಿಂಟನ್ ಕಂಡ ಹಾಲಿಡೇಯನ್ನು ಇಡಬೇಕು. ಮೊದಲ ಚಿತ್ರವನ್ನು ತೆಗೆದ ಕೆಲವೇ ತಿಂಗಳಲ್ಲಿ ಆಕೆ ಮಾದಕವಸ್ತುವಿನ ಆರೋಪದ ಮೇಲೆ ಸೆರೆಮನೆ ಸೇರಿದಳು. ಹೊರಬಂದಾಗ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹಾಡುವ ಚೀಟಿ ಆಕೆಗೆ ಇಲ್ಲವಾಯಿತು. ಎರಡನೆಯದು 1959ರದು, ಆಕೆಯ ಕೊನೆಯ ಧ್ವನಿಮುದ್ರಣದ ಸಂದರ್ಭದ್ದು. ಆ ಮುದ್ರಣದಲ್ಲಿ ಹಿಂಟನ್ ಬಾಸ್ ನುಡಿಸಿದ್ದನು. ಮುಖ ಬಾಡಿದೆ, ಹಾಡುತ್ತಿಲ್ಲ. ಅದೇ ವರ್ಷ ಜುಲೈ 17ರಂದು ಆಕೆ ತೀರಿಕೊಂಡಳು. ಮೊದಲ ಚಿತ್ರವಿಲ್ಲದೆ ಎರಡನೆಯದು ಬರಿಯ ಮರುಕ. ಎರಡನೆಯದಿಲ್ಲದೆ ಮೊದಲನೆಯದು ಬರಿಯ ಸೊಗಸು. ನಡುವಣ ಹನ್ನೆರಡು ವರ್ಷಗಳನ್ನು ಯಾವ ಚಿತ್ರವೂ ತೋರಿಸುವುದಿಲ್ಲ. ಆ ಅಂತರವನ್ನು ನೋಡುವವನೇ ತುಂಬಿಕೊಳ್ಳಬೇಕು, ಆಕೆಯ ಧ್ವನಿಮುದ್ರಿಕೆಗಳನ್ನು ಎದುರಿಗಿಟ್ಟುಕೊಂಡು.