ಊರು ಬಲ್ಲವನ ಮಾತು

ಪುಣೆಗೆ ಬಂದ ಹೊಸತರಲ್ಲಿ ಆಫೀಸಿನಲ್ಲಿ ನನಗೊಬ್ಬ ಗೆಳೆಯನಿದ್ದ. ಮರಾಠಿ ಅರ್ಧಂಬರ್ಧ ತಿಳಿಯುತ್ತಿದ್ದ ಕಾಲ ಅದು. ಮೀಟಿಂಗಿನಲ್ಲಿ ಯಾರು ಯಾಕೆ ನಕ್ಕರು, ಚಹಾದ ಹೊತ್ತಿಗೆ ಯಾರು ಯಾರ ಜೊತೆ ಎದ್ದುಹೋದರು, ಅದರರ್ಥವೇನು, ಎಲ್ಲವನ್ನೂ ಅವನೇ ಬಿಡಿಸಿ ಹೇಳುತ್ತಿದ್ದ. "ನಿನಗೆ ಇಲ್ಲಿಯವರ ರೀತಿ ಗೊತ್ತಿಲ್ಲ" ಅನ್ನುವುದು ಅವನ ಪಲ್ಲವಿ. ಅವನ ಮಾತು ನಂಬಿ, ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದ ಹಿರಿಯರೊಬ್ಬರ ಜೊತೆ ಎಂಟು ತಿಂಗಳು ಮಾತು ಬಿಟ್ಟೆ. ಅವರೂ ಪುಣೆಯವರೇ. ನಾನು ನಂಬಿದ್ದೆಲ್ಲ ಸುಳ್ಳೆಂದು ತಿಳಿಯುವ ಹೊತ್ತಿಗೆ ಅವರು ಬೇರೆ ಊರಿಗೆ ಹೋಗಿಯಾಗಿತ್ತು. ಗೆಳೆಯನಿಗೆ ಇದರಿಂದ ಬಡ್ತಿ ಸಿಗಲಿಲ್ಲ, ಸಂಬಳವೂ ಏರಲಿಲ್ಲ. ಹಾಗಿದ್ದರೆ ಯಾಕೆ ಮಾಡಿದ? ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ, ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದ ‘ಒಥೆಲೊ’ವನ್ನು ನಾನು ಮತ್ತೆ ತೆರೆದದ್ದು.

ಇಯಾಗೊ ಯಾಕೆ ಹಾಗೆ ಮಾಡಿದ ಎಂಬ ಪ್ರಶ್ನೆಗೆ ಇನ್ನೂರು ವರ್ಷಗಳಿಂದ ಉತ್ತರ ಹುಡುಕುತ್ತಲೇ ಇದ್ದಾರೆ. ಅವನ ಕೇಡಿಗೆ ಕಾರಣವೇ ಇಲ್ಲ, ಅವನು ಹೇಳುವುದೆಲ್ಲ ಆಮೇಲೆ ಹುಡುಕಿಕೊಂಡ ನೆಪ ಎಂಬ ಅರ್ಥದ ಮಾತನ್ನು ಕೋಲ್‌ರಿಜ್ ಹೇಳಿಹೋದ. 1904ರಲ್ಲಿ ಬ್ರಾಡ್ಲಿ ಅದನ್ನು ಒಪ್ಪದೆ, ಇತರರನ್ನು ಆಡಿಸಿ ತಾನು ದೊಡ್ಡವನೆಂದು ಅನ್ನಿಸಿಕೊಳ್ಳುವ ಹಸಿವು ಅದು ಎಂದ. ಇಬ್ಬರ ಮಾತೂ ಸರಿಯಿರಬಹುದು. ಆದರೆ ಇಬ್ಬರೂ ಇಯಾಗೊನ ಎದೆಯೊಳಗೆ ಇಣುಕುತ್ತಿದ್ದಾರೆ. ಅವನು ಯಾವ ಕಾರಣವನ್ನು ಯಾರ ಮುಂದೆ ಇಡುತ್ತಾನೆ ಎಂಬ ಕಡೆಗೆ ನನ್ನ ಗಮನ ಹೋಯಿತು.

ಬಡ್ತಿಯ ಕಥೆಯನ್ನು ಅವನು ಹೇಳುವುದು ರೊಡೆರಿಗೊನಿಗೆ. ರೊಡೆರಿಗೊ ಡೆಸ್ಡಿಮೋನಳನ್ನು ಬಯಸಿ ಸೋತವನು, ಇಯಾಗೊನ ಕೈಗೆ ದುಡ್ಡು ಸುರಿಯುತ್ತಿರುವವನು. ಸೋತವನಿಗೆ ಇನ್ನೊಬ್ಬ ಸೋತವನ ಕಥೆ ಬಹಳ ಬೇಗ ಹತ್ತುತ್ತದೆ. ಪುಸ್ತಕದ ಯುದ್ಧ ಬಿಟ್ಟು ಬೇರೆ ಕಂಡಿಲ್ಲದ ಕ್ಯಾಸಿಯೊನಿಗೆ ಸಹಾಯಕ ಸೇನಾಪತಿಯ ಪಟ್ಟ, ರಣರಂಗದಲ್ಲಿ ದುಡಿದ ನನಗೆ ಬರೀ ಬಾವುಟ ಹಿಡಿಯುವ ಕೆಲಸ ಎಂಬ ಗೋಳು ಅವನಿಗಾಗಿಯೇ ಹೊಲಿದ ಅಂಗಿಯಂತಿದೆ. ರೊಡೆರಿಗೊ ಅತ್ತ ಹೋದಮೇಲೆ, ನಮ್ಮೆದುರು ಒಬ್ಬನೇ ನಿಂತಾಗ, ಕಾರಣ ಬೇರೆಯಾಗುತ್ತದೆ. ಒಥೆಲೊ ತನ್ನ ಹೆಂಡತಿಯ ಜೊತೆ ಮಲಗಿದ್ದಾನೆಂದು ಜನ ಆಡಿಕೊಳ್ಳುತ್ತಾರಂತೆ. ನಿಜವೋ ಸುಳ್ಳೋ ತನಗೆ ಗೊತ್ತಿಲ್ಲವೆಂದೂ, ನಿಜವೆಂದೇ ಇಟ್ಟುಕೊಂಡು ಮುಂದುವರಿಯುವೆನೆಂದೂ ಅವನೇ ಹೇಳುತ್ತಾನೆ. ಎರಡನೆಯ ಅಂಕದಲ್ಲಿ ಅನುಮಾನ ಕ್ಯಾಸಿಯೊನ ಮೇಲೂ ಹರಡುತ್ತದೆ, ಡೆಸ್ಡಿಮೋನಳ ಮೇಲೆ ತನಗೂ ಆಸೆಯಿದೆ ಎನ್ನುವ ಮಾತು ಸೇರಿಕೊಳ್ಳುತ್ತದೆ. ಮೂರನೆಯ ಅಂಕದ ಕೊನೆಗೆ ಕ್ಯಾಸಿಯೊನ ಪದವಿ ಅವನದಾಗುತ್ತದೆ. ಮೊದಲ ದೃಶ್ಯದ ದೂರು ಅಲ್ಲಿಗೆ ತೀರಿತು. ಅವನು ನಿಲ್ಲುವುದಿಲ್ಲ. ಅಷ್ಟುಹೊತ್ತಿಗೆ ನಿಲ್ಲಿಸಿದರೆ ಸಿಕ್ಕಿಬೀಳುತ್ತಾನೆ ಎಂಬ ವಾದವಿದೆ, ಒಪ್ಪುತ್ತೇನೆ. ಆದರೆ ಪದವಿ ಸಿಕ್ಕಿದ ಸಂತೋಷದ ಒಂದು ಮಾತಾದರೂ ಅವನ ಬಾಯಿಂದ ಬರಬೇಕಿತ್ತಲ್ಲ? ಬರುವುದಿಲ್ಲ.

ಷೇಕ್ಸ್‌ಪಿಯರ್‌ಗೆ ಕಾರಣ ಹೊಳೆಯದೆ ಹೀಗೆ ಬರೆದನೆಂದು ಹೇಳುವಂತಿಲ್ಲ. ಅವನು ಕಥೆ ಎತ್ತಿಕೊಂಡದ್ದು ಇಟಲಿಯ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಿಂದ. ಅಲ್ಲಿ ಬಾವುಟದವನಿಗೆ ಡೆಸ್ಡಿಮೋನಳ ಮೇಲೆ ಮೋಹ. ಅವಳು ಒಲಿಯದಿದ್ದಾಗ ಮೋಹ ದ್ವೇಷವಾಗುತ್ತದೆ. ಸಿದ್ಧವಾಗಿದ್ದ ಈ ಗಟ್ಟಿ ಕಾರಣವನ್ನು ಷೇಕ್ಸ್‌ಪಿಯರ್ ಕೈಯಾರೆ ತೆಗೆದು ಒಂದು ಮೂಲೆಯ ಮಾತಿಗೆ ಇಳಿಸಿದ. ಒಂದರ ಜಾಗದಲ್ಲಿ ನಾಲ್ಕೈದು ಸಡಿಲ ಕಾರಣ ಇಟ್ಟ. ಕಾರಣಗಳು ಇಯಾಗೊನ ಸರಕು. ಗಿರಾಕಿ ನೋಡಿ ಅವನು ಗಂಟು ಬಿಚ್ಚುತ್ತಾನೆ. ಒಬ್ಬನೇ ನಿಂತು ಆಡುವ ಮಾತಿನಲ್ಲಿ ಗಿರಾಕಿಗಳು ನಾವು.

ಒಥೆಲೊನ ಮುಂದೆ ಬಿಚ್ಚುವ ಗಂಟು ಯಾವುದು? ಮೂರನೆಯ ಅಂಕದ ಮೂರನೆಯ ದೃಶ್ಯವನ್ನು ನಾನು ನಾಲ್ಕೈದು ಸಲ ಓದಿದೆ. ಕರವಸ್ತ್ರದ ಆಟ ಆಮೇಲಿನದು. ಅದಕ್ಕೂ ಮೊದಲು ಇಯಾಗೊ, ನಮ್ಮ ನಾಡಿನವರ ನಡತೆ ನನಗೆ ಚೆನ್ನಾಗಿ ಗೊತ್ತು, ವೆನಿಸ್ಸಿನ ಹೆಂಗಸರು ಗಂಡನಿಗೆ ತೋರಿಸಲಾರದ್ದನ್ನು ದೇವರಿಗೆ ಮಾತ್ರ ತೋರಿಸುತ್ತಾರೆ ಎಂಬ ಅರ್ಥದ ಮಾತು ತೆಗೆಯುತ್ತಾನೆ. ಇದನ್ನು ಓದಿದಾಗ ಪುಣೆಯ ಆ ಚಹಾದಂಗಡಿಯ ಬೆಂಚು ಕಣ್ಣಮುಂದೆ ಬಂತು. ಒಥೆಲೊ ಏಳು ವರ್ಷದವನಿದ್ದಾಗಿನಿಂದ ದಂಡಿನಲ್ಲಿ ಬೆಳೆದವನು. ಯುದ್ಧ ಬಿಟ್ಟರೆ ಲೋಕದ ಮಾತು ತನಗೆ ಹೆಚ್ಚು ತಿಳಿಯದೆಂದು ಸೆನೆಟ್ಟಿನ ಮುಂದೆ ತಾನೇ ಒಪ್ಪಿಕೊಂಡವನು. ವೆನಿಸ್ ಅವನಿಗೆ ಪದವಿ ಕೊಟ್ಟಿದೆ, ಊಟಕ್ಕೆ ಕರೆದಿದೆ, ಮಗಳನ್ನು ಕೊಡಬೇಕಾಗಿ ಬಂದಾಗ ಮುಖ ತಿರುಗಿಸಿದೆ. ಅಂಥವನಿಗೆ ಊರಿನವನೊಬ್ಬ ಊರಿನ ಗುಟ್ಟು ಹೇಳುತ್ತೇನೆಂದರೆ ಎದುರಾಡಲು ಅವನ ಹತ್ತಿರ ಏನಿದೆ? ಹಾಗೆನ್ನುತ್ತೀಯಾ ಎಂದು ಕೇಳುವುದಷ್ಟೇ ಅವನಿಂದಾಗುತ್ತದೆ. ಮರುಕ್ಷಣವೇ ಇಯಾಗೊ, ನಿಮ್ಮನ್ನು ಮದುವೆಯಾಗಲು ಅವಳು ತಂದೆಗೇ ಮೋಸ ಮಾಡಿದಳಲ್ಲ ಎಂದು ನೆನಪಿಸುತ್ತಾನೆ. ಆ ಮಾತು ಸುಳ್ಳಲ್ಲ, ಅದಕ್ಕೇ ಅದು ನಾಟುತ್ತದೆ.

ಈ ದೃಶ್ಯಕ್ಕೆ ನಾಟಕದೊಳಗೇ ಒಂದು ಉತ್ತರವಿದೆ. ನಾಲ್ಕನೆಯ ಅಂಕದ ಕೊನೆಯಲ್ಲಿ, ಸಾಯುವ ರಾತ್ರಿ, ಡೆಸ್ಡಿಮೋನ ಎಮಿಲಿಯಾಳನ್ನು ಕೇಳುತ್ತಾಳೆ: ಗಂಡನಿಗೆ ಹೀಗೆ ಮೋಸ ಮಾಡುವ ಹೆಂಗಸರು ನಿಜವಾಗಿಯೂ ಇರುತ್ತಾರಾ? ವೆನಿಸ್ಸಿನಲ್ಲೇ ಹುಟ್ಟಿ ಬೆಳೆದ ಸೆನೆಟರನ ಮಗಳಿಗೆ, ಇಯಾಗೊ ಹೇಳಿದ ಆ "ವೆನಿಸ್ಸಿನ ರೀತಿ" ಗೊತ್ತೇ ಇಲ್ಲ. ಒಥೆಲೊ ಊರಿನ ಬಗ್ಗೆ ಕೇಳಬೇಕಿದ್ದರೆ ಮನೆಯಲ್ಲೇ ಊರಿನವಳಿದ್ದಳು.

ವಿಶಾಲ್ ಭಾರದ್ವಾಜ್ ‘ಓಂಕಾರಾ’ದಲ್ಲಿ (2006) ಈ ಸಡಿಲ ಕಾರಣಗಳನ್ನು ಬಿಗಿದು ಒಂದು ಮಾಡಿದ. ಕೇಸುವಿಗೆ ಪಟ್ಟವಾದ ಮೇಲೆ ಲಂಗಡಾ ತ್ಯಾಗಿ ಕನ್ನಡಿ ಒಡೆದು ತನ್ನ ರಕ್ತದಿಂದಲೇ ಹಣೆಗೆ ತಿಲಕ ಇಟ್ಟುಕೊಳ್ಳುವ ದೃಶ್ಯ ಮರೆಯುವಂಥದ್ದಲ್ಲ. ಸೈಫ್ ಅಲಿ ಖಾನ್ ಅಷ್ಟು ಚೆನ್ನಾಗಿ ಮತ್ತೆ ನಟಿಸಿದ್ದನ್ನು ನಾನು ನೋಡಿಲ್ಲ. ಆದರೂ ಆ ತಿಲಕ ಬಿದ್ದಕೂಡಲೇ ನಾವು ಅವನನ್ನು ಅರ್ಥಮಾಡಿಕೊಂಡುಬಿಡುತ್ತೇವೆ, ಅರೆಪಾಲು ಅವನ ಕಡೆಗೂ ವಾಲುತ್ತೇವೆ. ಶಕುನಿಗೆ ನಾವು ಮಾಡಿದ್ದೂ ಇದನ್ನೇ. ಕೌರವರು ಸೆರೆಯಲ್ಲಿಟ್ಟು ಹಸಿವಿನಿಂದ ಕೊಂದ ಅಪ್ಪನ ಮೂಳೆಯಿಂದ ಅವನು ದಾಳ ಮಾಡಿಕೊಂಡ ಎಂಬ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ವ್ಯಾಸಭಾರತದಲ್ಲಿ ಅದಿಲ್ಲವೆಂದು ದೊಡ್ಡವನಾದ ಮೇಲೆ ತಿಳಿಯಿತು. ಕಾರಣವಿಲ್ಲದ ಕೇಡನ್ನು ಮನೆಯಲ್ಲಿಟ್ಟುಕೊಂಡು ನಿದ್ದೆ ಮಾಡುವುದು ಕಷ್ಟ; ಯಾರೋ ಪುಣ್ಯಾತ್ಮರು ಕಾರಣ ಕಟ್ಟಿಕೊಟ್ಟರು. ಅಜ್ಜಿಯ ಕಥೆ ನನಗೆ ಈಗಲೂ ಇಷ್ಟವೇ.

ಆದರೆ ಷೇಕ್ಸ್‌ಪಿಯರ್ ಆ ನಿದ್ದೆಯನ್ನು ಕೊಡುವುದಿಲ್ಲ. ಎಲ್ಲ ಮುಗಿದ ಮೇಲೆ, ನನ್ನ ದೇಹ ಆತ್ಮ ಎರಡನ್ನೂ ಯಾಕೆ ಬಲೆಗೆ ಕೆಡವಿದ ಎಂದು ಅವನನ್ನು ಕೇಳಿ ಅನ್ನುತ್ತಾನೆ ಒಥೆಲೊ. ನಾಟಕದಲ್ಲಿ ಎಲ್ಲರಿಗಿಂತ ಹೆಚ್ಚು ಸಾಲು ಆಡಿದ ಇಯಾಗೊ, ಇನ್ನು ಒಂದು ಮಾತೂ ಆಡುವುದಿಲ್ಲ ಎಂದು ಬಾಯಿ ಮುಚ್ಚುತ್ತಾನೆ. ಅಲ್ಲಿ ಇನ್ನು ಅವನಿಗೆ ಗಿರಾಕಿಯಿಲ್ಲ.

ನನ್ನ ಗೆಳೆಯನನ್ನು ನಾನು ಕೇಳಲಿಲ್ಲ. ಕೇಳಿದ್ದರೆ ನನಗೆ ಒಪ್ಪುವಂಥದ್ದೊಂದನ್ನು ಹೇಳುತ್ತಿದ್ದ. ಆ ಹಿರಿಯರ ನಂಬರ್ ಹುಡುಕಿ ಹೋದ ವರ್ಷ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಅವನು ಯಾಕೆ ಹಾಗೆ ಹೇಳಿದ ಎಂದು ಕೇಳಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಟೇಬಲ್ಲು ನಿನ್ನ ಟೇಬಲ್ಲಿನ ಪಕ್ಕದಲ್ಲೇ ಇತ್ತಲ್ಲಪ್ಪ, ನನ್ನನ್ನೇ ಯಾಕೆ ಕೇಳಲಿಲ್ಲ?" ಎಂದರು. ನನಗೆ ಮಾತು ಹೊರಡಲಿಲ್ಲ.