ಆಕಾಶವಾಣಿಯ ಸಂಜೆ: ನಾದವೂ ನುಡಿಯೂ

ಕಣ್ಣು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ. ಬಂದುದನ್ನು ಬರಮಾಡಿಕೊಳ್ಳುವುದು ಕಿವಿಯ ಧರ್ಮ. ಧಾರವಾಡ ಆಕಾಶವಾಣಿಯ ಸಂಜೆಗಳು ನಮ್ಮ ಕಿತ್ತೂರು ಸೀಮೆಗೆ ಏನನ್ನು ಕೊಟ್ಟವು, ಏನನ್ನು ಕೊಡದೆ ಉಳಿದವು ಎಂಬುದನ್ನು ವಾಚಕರು ಈ ದೃಷ್ಟಿಯಿಂದ ವಿಚಾರಿಸಬೇಕು.

ಲಂಡನ್ನಿನ ಬಿ.ಬಿ.ಸಿ. ಸಂಸ್ಥೆಯು 1946ರಲ್ಲಿ ಸಂಗೀತ, ಕಾವ್ಯ, ನಾಟಕ, ವಿಚಾರಗಳಿಗೆ ಮೀಸಲಾದ ‘ಥರ್ಡ್ ಪ್ರೋಗ್ರಾಂ’ ಎಂಬ ಸಂಜೆಯ ಪ್ರಸಾರವನ್ನು ಆರಂಭಿಸಿತು. ಅದು ವಿದ್ಯಾವಂತರಿಗೆಂದು ಬೇರೆಯಾಗಿ ಹಾಕಿದ ಪಂಕ್ತಿ. 1950ರ ಜನವರಿ 8ರಂದು ಪ್ರಾರಂಭವಾದ ಧಾರವಾಡ ಕೇಂದ್ರದಲ್ಲಿ ಈ ಪಂಕ್ತಿಭೇದವಿರಲಿಲ್ಲ. ನಮ್ಮ ಬಾಲ್ಯದಲ್ಲಿ ಮಳೆ-ಬೆಳೆಯ ಸುದ್ದಿಗಾಗಿ ಜಗುಲಿಯ ಮೇಲೆ ಕುಳಿತ ಒಕ್ಕಲಿಗರು ಖ್ಯಾಲ್ ಗಾಯನ ಮುಗಿಯುವವರೆಗೂ ಏಳುತ್ತಿರಲಿಲ್ಲ. ಹಿಂದೆಯೇ ಬಂದ ಭಾಷಣವನ್ನೂ ಕೇಳಿ ಏಳುತ್ತಿದ್ದರು. ಬೇಂದ್ರೆ, ಮಲ್ಲಿಕಾರ್ಜುನ ಮನ್ಸೂರರಂಥವರು ಸಲಹೆಗಾರರಾಗಿದ್ದ, ಎನ್ಕೆಯವರಂಥ ಸಾಹಿತಿಗಳು ದುಡಿದ ಕೇಂದ್ರವದು. ಬಯಸದೆ ಬಂದ ಈ ಸಂಸ್ಕಾರವೇ ಅದರ ದೊಡ್ಡ ಕೊಡುಗೆ.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮರೆಮಾಚಲಾಗದು. ಸ್ವರಗಳ ನಡುವಣ ಮೀಂಡನ್ನು ನುಡಿಸಲಾರದೆಂಬ ಕಾರಣದಿಂದ 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ಭಾರತದ ಬಾನುಲಿಯಿಂದ ಹೊರಗಿಡಲಾಯಿತು. 1971ರಲ್ಲಿ ಆ ನಿರ್ಬಂಧ ಸಡಿಲಾಯಿತು. ಶಾಸ್ತ್ರದೃಷ್ಟಿಯಿಂದ ಆಕ್ಷೇಪ ಸುಳ್ಳಲ್ಲ. ಆದರೆ ಹಳ್ಳಿಯ ಭಜನೆಗೆ ಆಧಾರವಾದ ಪೆಟ್ಟಿಗೆಗೇ ಅಲ್ಲಿ ಪ್ರವೇಶವಿಲ್ಲದಾಗ, ಮಠದ ಅಂಗಳಕ್ಕೂ ಬಾನುಲಿಗೂ ನಡುವೆ ಗೋಡೆಯೊಂದು ಎದ್ದಿತು.

ಇನ್ನೊಂದು ದೋಷ ಸೂಕ್ಷ್ಮವಾದುದು. ವಚನಗಾಯನ ಒಂದು ವೇಳೆಗೆ, ವಚನವ್ಯಾಖ್ಯಾನ ಮತ್ತೊಂದು ವೇಳೆಗೆ ಎಂಬ ವಿಭಾಗ. ವಚನವು ಮೂಲತಃ ಮಾತು. ರಾಗವು ಅದನ್ನು ಎತ್ತಿ ಹಿಡಿಯಬೇಕೇ ಹೊರತು ನುಂಗಬಾರದು. ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನೂ ಮಂಜಿಖಾನರಲ್ಲಿ ಜಯಪುರ ಪದ್ಧತಿಯನ್ನೂ ಕಲಿತ ಮನ್ಸೂರರು ವಚನವನ್ನು ಹಾಡಿದಾಗ ಸ್ವರವು ಅರ್ಥದ ಹಿಂದೆ ನಡೆಯುತ್ತದೆ. ಕೇಳುವವನಿಗೆ ಬೇರೆ ಟೀಕೆ ಬೇಡ. ಆ ಸಿದ್ಧಿಯಿಲ್ಲದ ಕಂಠಗಳಲ್ಲಿ ಆಲಾಪದ ಭಾರಕ್ಕೆ ಶಬ್ದವೇ ಕುಸಿಯುತ್ತದೆ. ಕೇಳುಗನಿಗೆ ಇಂಪು ಉಳಿಯುತ್ತದೆ, ಪ್ರಶ್ನೆ ಉಳಿಯುವುದಿಲ್ಲ. ಪ್ರಶ್ನೆಯನ್ನು ಉಳಿಸದ ವಚನ ಬರಿಯ ಹಾಡು.

ಇಂದು ಮನ್ಸೂರರ ಗಾಯನವೂ ರಾಜಗುರುಗಳ ಗಾಯನವೂ ಕಿಸೆಯ ಫೋನಿನಲ್ಲಿ ಬೇಕೆಂದಾಗ ದೊರೆಯುತ್ತವೆ. ಲಾಭ ಅಲ್ಪವೇನಲ್ಲ. ಆದರೆ ಬಯಸಿದುದನ್ನಷ್ಟೇ ಕೇಳುವ ಕಿವಿ ಕ್ರಮೇಣ ಕಣ್ಣಿನ ಸ್ವಭಾವವನ್ನು ಪಡೆಯುತ್ತದೆ. ಅದಕ್ಕೆ ಅನಿರೀಕ್ಷಿತವಾದ ಒಂದು ಮಾತು ತಾಗುವುದೇ ಇಲ್ಲ. ಹಿರಿಯರು ಜಗುಲಿಯ ಮೇಲೆ ಗಳಿಸಿದ್ದ ಸಹನೆಯನ್ನು ನಾವು ಹೀಗೆ ಕಳೆದುಕೊಳ್ಳುತ್ತಿದ್ದೇವೆ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಸೂಚನೆ. ವಾರಕ್ಕೊಂದು ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತುಕೊಳ್ಳಿರಿ. ಒಂದು ವಚನದ ಗಾಯನವನ್ನು ಪೂರ್ತಿಯಾಗಿ ಕೇಳಿರಿ. ಸ್ವಲ್ಪ ಹೊತ್ತು ಸುಮ್ಮನಿರಿ. ಬಳಿಕ ಅದರ ಅರ್ಥವನ್ನು ಕುರಿತು ಮಾತನಾಡಿರಿ. ಆರಂಭಿಸುವವರು ಮನೆಯ ಕಿರಿಯರಾಗಲಿ. ಬಾನುಲಿಯು ಎರಡು ವೇಳೆಗಳಾಗಿ ಒಡೆದುದನ್ನು ನಮ್ಮ ಮನೆಯ ಜಗುಲಿ ಒಂದುಗೂಡಿಸಬಲ್ಲದು.